ಓಡುವವರು ಬೇರೆ, ಏದುಸಿರು ಇವರದು

(ಗುರುತು ಸಿಗದಂತೆ ಊರು, ವೃತ್ತಿ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬಂದವರು ನಲವತ್ತು ದಾಟಿದ ಪ್ರೌಢಶಾಲಾ ಶಿಕ್ಷಕಿ. ದೂರು ನಿದ್ರೆಯದು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಮೊಬೈಲ್ ನೋಡುತ್ತಾರೆ, ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ. ಮನೆಯಲ್ಲಿ ಮಾತೆತ್ತಿದರೆ ಸಿಡುಕು. ಪತಿ "ಮಾತ್ರೆ ಬರೆಸಿಕೊಂಡು ಬಾ" ಎಂದು ಕಳುಹಿಸಿದ್ದರು. ಮಾತ್ರೆ ಬರೆಯುವುದು ವೈದ್ಯರ ಕೆಲಸ. ಆಪ್ತಸಮಾಲೋಚಕಿಯಾದ ನನ್ನ ಕೆಲಸ ಕೇಳುವುದು.

ಕೇಳುತ್ತ ಹೋದಂತೆ ಸಂಗತಿ ಹೊರಬಂತು. ಬಡಾವಣೆಯ ನಿವಾಸಿಗಳ ಸಂಘ ರಾಜ್ಯೋತ್ಸವದ ಬೆಳಿಗ್ಗೆ ಐದು ಮತ್ತು ಹತ್ತು ಕಿಲೋಮೀಟರ್ ಓಟ ಇಟ್ಟುಕೊಂಡಿತ್ತು. ಇವರು ಸಂಯೋಜಕಿ. "ಮೇಡಂ, ನನಗೆ ಶಿಸ್ತಿಲ್ಲ, ಎಲ್ಲವೂ ಮರೆತುಹೋಗುತ್ತದೆ" ಎಂದರು. ನಾನು ಅದನ್ನು ನಂಬಲಿಲ್ಲ. ಅರುವತ್ತು ಮಕ್ಕಳ ತರಗತಿಯನ್ನು ನಿಭಾಯಿಸುವವರಿಗೆ ಶಿಸ್ತಿನ ಪಾಠ ಯಾರು ಹೇಳಬೇಕು? ಒಂದು ಹಾಳೆ ಕೊಟ್ಟು, ತಲೆಯಲ್ಲಿರುವುದನ್ನೆಲ್ಲ ಬರೆಯಲು ಹೇಳಿದೆ. ಪೊಲೀಸ್ ಅನುಮತಿ, ಪಾಲಿಕೆಗೆ ಪತ್ರ, ಟಿ-ಶರ್ಟ್ ಅಳತೆ, ಬಿಬ್ ನಂಬರ್ (ಓಟಗಾರರು ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಚೀಟಿ), ಒಂದೊಂದು ಬಿಬ್‌ಗೆ ನಾಲ್ಕು ಪಿನ್, ನೀರಿನ ಕ್ಯಾನ್, ಒಆರ್‌ಎಸ್, ಆಂಬುಲೆನ್ಸ್, ತಿರುವುಗಳಲ್ಲಿ ನಿಲ್ಲುವ ಹುಡುಗರು, ಕೊನೆಗೆ ಉಪ್ಪಿಟ್ಟು, ಕೇಸರಿಬಾತ್. ಹಾಳೆಯ ಎರಡೂ ಬದಿ ತುಂಬಿತು. ಒಂದೂ ಮರೆತಿರಲಿಲ್ಲ. ಪ್ರತಿ ಸಾಲಿನ ಮುಂದೆ "ಇದನ್ನು ನಿರ್ಧರಿಸುವವರು ಯಾರು?" ಎಂದು ಬರೆಯಿಸಿದೆ. ಉತ್ತರ ಎಲ್ಲ ಕಡೆಯೂ ಒಂದೇ: ನಾನು.

ಅವರು ಯಾರಿಗೂ ಕೆಲಸ ಹಂಚಿರಲಿಲ್ಲವೆಂದಲ್ಲ. ನೀರಿನ ಹೊಣೆ ಹೊತ್ತ ಹುಡುಗ ಎಷ್ಟು ಕ್ಯಾನ್ ಎಂದು ಇವರನ್ನೇ ಕೇಳಬೇಕು, ಯಾವ ಅಂಗಡಿ ಎಂದೂ ಇವರನ್ನೇ. ಹೀಗೆ ಕೆಲಸ ಕೈಬಿಟ್ಟು ಹೋದರೂ ಚಿಂತೆ ತಲೆಯಲ್ಲೇ ಉಳಿಯುತ್ತಿತ್ತು. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಕಾಡುತ್ತದೆಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಈ ಮಾತು ನಮ್ಮ ವೃತ್ತಿಯಲ್ಲಿ ಹಳೆಯದು. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು 2011ರ ಒಂದು ಅಧ್ಯಯನ: ಕಾಟ ತಗ್ಗಲು ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ, ಹೇಗೆ ಮಾಡುವುದೆಂದು ಖಚಿತವಾದರೂ ಸಾಕು ಎಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಕಂಡುಕೊಂಡರು. ಆದ್ದರಿಂದ ಮಲಗುವ ಮುನ್ನ ಐದು ನಿಮಿಷ ಮರುದಿನದ ಕೆಲಸಗಳನ್ನು ಕಾಗದದ ಮೇಲೆ ಬರೆದಿಡಲು ಹೇಳಿದೆ. ಮೊಬೈಲ್‌ನಲ್ಲಿ ಬೇಡ ಎಂದೆ. ಅದನ್ನು ತೆರೆದರೆ ಗುಂಪಿನ ಸಂದೇಶಗಳು ಕಾದಿರುತ್ತವೆ.

ಆದರೆ ಚೀಟಿ ಬರೆದ ಮಾತ್ರಕ್ಕೆ "ನಾನು" ಕರಗುವುದಿಲ್ಲ. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ದಿನವೂ "ಏನಾದರೂ ಇದ್ದರೆ ಹೇಳಮ್ಮ" ಎನ್ನುತ್ತಿದ್ದರಂತೆ. ಇವರು ಅದನ್ನು ಉಪಚಾರದ ಮಾತೆಂದು ತಿಳಿದಿದ್ದರು. ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ತಾನೇ ಓಡಾಡುವುದು ಮೇಲು ಎಂಬ ಅಳುಕು ಹಳೆಯದು, ತವರಿನಿಂದಲೇ ಬಂದದ್ದು. ಅದರ ಬಗ್ಗೆ ಸಾಕಷ್ಟು ಹೊತ್ತು ಮಾತನಾಡಿದೆವು, ಅದನ್ನಿಲ್ಲಿ ವಿವರಿಸುವುದಿಲ್ಲ.

ಸಲಹೆ ಹೀಗಿತ್ತು. ಕೆಲಸದ ಜೊತೆಗೆ ಅದರ ತೀರ್ಮಾನವನ್ನೂ ಕೊಟ್ಟುಬಿಡಿ; ಖರ್ಚಿನ ಮಿತಿ ಮತ್ತು ಗಡುವು ಮಾತ್ರ ನೀವು ಹೇಳಿ. ಮೊಬೈಲ್ ಗುಂಪು ಇರುವುದು ತಿಳಿಸುವುದಕ್ಕೆ, ತೀರ್ಮಾನಿಸುವುದಕ್ಕಲ್ಲ. ಐದೂವರೆಗೇ ಮೈಕ್ ಹಚ್ಚಿ ಹಾಡಿನೊಂದಿಗೆ ಮೈಬೆಚ್ಚಗಿನ ವ್ಯಾಯಾಮ ಮಾಡಿಸಬೇಕೇ ಎಂದು ಅವರ ಗುಂಪು ವಾರವಿಡೀ ಜಗಳವಾಡಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಅನುಮತಿಯ ಹೊಣೆ ಒಬ್ಬರದಾಗಿದ್ದರೆ ಜಗಳ ಒಂದೇ ಸಂದೇಶಕ್ಕೆ ಮುಗಿಯುತ್ತಿತ್ತು. ಹಿಂಗಾರಿನ ಮಳೆ ಹೊಯ್ದರೆ ಓಟ ನಿಲ್ಲಿಸುವವರು ಯಾರು, ಯಾರಾದರೂ ಕುಸಿದು ಬಿದ್ದರೆ ಆಂಬುಲೆನ್ಸ್ ಕರೆಯುವವರು ಯಾರು, ಇವೆರಡು ಹೆಸರು ಮೊದಲೇ ಬರೆದಿರಲಿ. ಆ ಕರೆಗಳು ನಿಮ್ಮ ಮೂಲಕ ಹಾದುಹೋಗುವುದು ಬೇಡ.

ಓಟ ಮುಗಿದ ಮೇಲೂ ಎರಡು ವಾರ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಲೇಬೇಕೆಂದೂ ಹೇಳಿದೆ. ಅಪರಾತ್ರಿಯಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಹಗಲುರಾತ್ರಿ ಉಚಿತ.

ಓಟದ ನಂತರ ಬಂದರು. ನಿದ್ರೆ ಪೂರ್ತಿಯಲ್ಲದಿದ್ದರೂ ಸುಧಾರಿಸಿತ್ತು. ಪದಕಗಳ ಪೆಟ್ಟಿಗೆ ಸಮಯಕ್ಕೆ ಬಂದಿರಲಿಲ್ಲವಂತೆ. ಆ ಹೊಣೆ ಹೊತ್ತಿದ್ದ ಎದುರುಮನೆಯ ಬ್ಯಾಂಕ್ ಅಧಿಕಾರಿ ಮೊದಲು ಪ್ರಮಾಣಪತ್ರ ಹಂಚಿ, ಪದಕಗಳನ್ನು ಸಂಜೆ ಮನೆಮನೆಗೆ ತಲುಪಿಸಿದರು. ಸಂಯೋಜಕಿಗೆ ಒಂದು ಫೋನನ್ನೂ ಮಾಡಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ" ಎಂದು ಇವರು ಮುನಿದಿದ್ದರು. ಆ ದಿನದ ಭೇಟಿ ಪೂರ್ತಿ ಆ ಮುನಿಸಿಗೇ ಮೀಸಲಾಯಿತು.