ಬೇರೆ ಬೇರೆ ಹಿನ್ನೆಲೆಯ ಜನರನ್ನು ಅಹಿಂಸಾತ್ಮಕ ಹೋರಾಟದಲ್ಲಿ ಒಗ್ಗೂಡಿಸುವುದು ಹೇಗೆ?

ಒಬ್ಬರ ಕಷ್ಟದಲ್ಲಿ ಇನ್ನೊಬ್ಬರು ನಿಜವಾಗಿ ಪಾಲು ತೆಗೆದುಕೊಂಡಾಗ ಒಗ್ಗಟ್ಟು ಹುಟ್ಟುತ್ತದೆ. 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲೇಜಿನಲ್ಲಿ ಕುಳಿತು, ಬೆಳಗಾಗುವುದರೊಳಗೆ ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿದರು. ಬಸ್ ಹತ್ತಬೇಡಿ ಎಂದು ಕರೆ ಕೊಡಲು ಅಷ್ಟು ಸಾಕಾಯಿತು. ಆದರೆ ಬಸ್ ಬಹಿಷ್ಕಾರ 381 ದಿನ ಉಳಿದದ್ದು, ಕಾರು ಇದ್ದವರು ಇಲ್ಲದವರನ್ನು ದಿನವೂ ಕೆಲಸಕ್ಕೆ ಬಿಟ್ಟುಬಂದಿದ್ದರಿಂದ. ಎಷ್ಟೋ ಜನ ಮೈಲುಗಟ್ಟಲೆ ನಡೆದಿದ್ದರಿಂದ.

ಅಹಿಂಸೆಗೂ ತಾಲೀಮು ಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೇಮ್ಸ್ ಲಾಸನ್ ನಡೆಸಿದ ಶಿಬಿರಗಳಲ್ಲಿ ವಿದ್ಯಾರ್ಥಿಗಳು ಪರಸ್ಪರ ಬೈದು, ತಳ್ಳಿ, ಕೈ ಎತ್ತದೆ ಸಹಿಸುವುದನ್ನು ಅಭ್ಯಾಸ ಮಾಡಿದರು. ಪಕ್ಕದಲ್ಲಿರುವವರು ಎದೆಗುಂದುವುದಿಲ್ಲ ಎಂಬ ನಂಬಿಕೆ ಅಲ್ಲಿಯೇ ಬೆಳೆಯಿತು.

ಇನ್ನೊಂದು ಮಾತು: ಎದುರಾಳಿಗಳು ನಮ್ಮ ನಡುವಿನ ಬಿರುಕನ್ನೇ ಬಳಸುತ್ತಾರೆ. ಕ್ಯಾಲಿಫೋರ್ನಿಯಾದ ತೋಟದ ಮಾಲೀಕರು ಒಂದು ಗುಂಪಿನ ಮುಷ್ಕರ ಮುರಿಯಲು ಇನ್ನೊಂದು ಗುಂಪನ್ನು ಕರೆತರುತ್ತಿದ್ದರು. 1965ರಲ್ಲಿ ಅಲ್ಲಿನ ಡೆಲಾನೋ ಊರಿನಲ್ಲಿ ಫಿಲಿಪಿನೋ ಕಾರ್ಮಿಕರು ದ್ರಾಕ್ಷಿ ಕೊಯ್ಲು ನಿಲ್ಲಿಸಿದಾಗ, ಕೆಲವೇ ದಿನಗಳಲ್ಲಿ ಮೆಕ್ಸಿಕನ್ ಮೂಲದ ಕಾರ್ಮಿಕರೂ ಅವರ ಜೊತೆ ನಿಂತರು. ಹಾಗಾಗಿ ನಿಮ್ಮ ಮೊದಲ ಸಭೆಗೂ ಮುಂಚೆ, ನಿಮ್ಮ ವಿರುದ್ಧ ಯಾರನ್ನು ಎತ್ತಿಕಟ್ಟಬಹುದೋ ಅವರ ಮನೆಗೆ ಹೋಗಿ, ಅವರ ಅಹವಾಲು ಕೇಳಿ.