ತಂತ್ರಜ್ಞಾನ ಚಾಕು ಇದ್ದ ಹಾಗೆ, ಒಳಿತು ಕೆಡುಕೆಲ್ಲ ಬಳಸುವವರ ಕೈಯಲ್ಲಿದೆ ಅನ್ನುವುದು ಸರಿಯಾ?

ಚಾಕುವಿನಲ್ಲಿ ಹಣ್ಣನ್ನೂ ಹೆಚ್ಚಬಹುದು, ಕೈಯನ್ನೂ ಕುಯ್ಯಬಹುದು, ತಂತ್ರಜ್ಞಾನವೂ ಹಾಗೇ ಅಲ್ವಾ ಅಂತ ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಚಾಕುವಿನ ಮಟ್ಟಿಗೆ ಸರಿ, ಸೇತುವೆಯ ಮಟ್ಟಿಗೆ ಅಲ್ಲ.

ನಾನಿರುವುದು ನವಿ ಮುಂಬೈಯಲ್ಲಿ. 2024ರ ಜನವರಿಯಲ್ಲಿ ಇಲ್ಲಿಂದ ಮುಂಬೈಯ ಶಿವಡಿಗೆ ಸಮುದ್ರದ ಮೇಲೆ ಹೋಗುವ ಅಟಲ್ ಸೇತು ತೆರೆಯಿತು. ಸುಮಾರು 22 ಕಿಲೋಮೀಟರ್. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ಬೈಕ್, ಆಟೋ ಹತ್ತುವಂತಿಲ್ಲ. ಸುರಕ್ಷತೆಯ ಕಾರಣ ಕೊಡುತ್ತಾರೆ, ಸುಳ್ಳೇನಲ್ಲ. ಆದರೆ ಕಾರಿದ್ದವರಿಗೆ ಶಿವಡಿ ಹತ್ತಿರವಾಯಿತು, ಬೈಕಿನಲ್ಲಿ ಪಾರ್ಸೆಲ್ ತಲುಪಿಸುವ ಹುಡುಗನಿಗೆ ಮೊದಲಿನಷ್ಟೇ ದೂರ. ಸೇತುವೆಯನ್ನು ಒಳ್ಳೆಯದಕ್ಕೆ ಬಳಸಬೇಕಾ, ಕೆಟ್ಟದ್ದಕ್ಕಾ ಅನ್ನುವ ಪ್ರಶ್ನೆಯೇ ಅವನಿಗಿಲ್ಲ. ಕಟ್ಟಿದ ವಸ್ತುವಿನಲ್ಲೇ ರಾಜಕೀಯ ಇರುತ್ತದೆ ಅಂತ ಅಮೆರಿಕದ ಚಿಂತಕ ಲ್ಯಾಂಗ್ಡನ್ ವಿನ್ನರ್ 1980ರಲ್ಲಿ ವಾದಿಸಿದ್ದೂ ಸೇತುವೆಗಳನ್ನೇ ತೋರಿಸಿ. (ಬಸ್ಸು ಹೋಗದಂತೆ ನ್ಯೂಯಾರ್ಕಿನಲ್ಲಿ ಬೇಕಂತಲೇ ತಗ್ಗು ಸೇತುವೆ ಕಟ್ಟಿದರು ಅನ್ನುವ ಅವನ ಕಥೆಯನ್ನು ಆಮೇಲೆ ಕೆಲವರು ಪ್ರಶ್ನಿಸಿದರು, ಅದು ಬೇರೆ ವಿಷಯ.)

ಹಾಗಂತ ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದೂ ತಪ್ಪು. ಬೀಸುವ ಕಲ್ಲು ಜಮೀನ್ದಾರನನ್ನು ಕೊಟ್ಟಿತು, ಹಬೆಯ ಗಿರಣಿ ಬಂಡವಾಳಗಾರನನ್ನು ಕೊಟ್ಟಿತು ಅಂತ ಮಾರ್ಕ್ಸ್ 1847ರಲ್ಲಿ ಬರೆದ. ಮುಂಬೈ ಹತ್ತಿರದ ನೇಕಾರಿಕೆಯ ಊರು ಭಿವಂಡಿ ನೋಡಿದವರಿಗೆ ಅದು ಅಷ್ಟು ಸಲೀಸು ಅನ್ನಿಸುವುದಿಲ್ಲ. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ನೇಯ್ಗೆ ಕೆಲಸ ಮೊದಲೇ ಭಿವಂಡಿಯ ಪವರ್‌ಲೂಮ್‌ಗಳತ್ತ (ಸಣ್ಣ ಶೆಡ್ಡುಗಳ ವಿದ್ಯುತ್ ಮಗ್ಗಗಳು) ಜಾರುತ್ತಿತ್ತು, ಆಮೇಲೆ ಇನ್ನೂ ಜಾಸ್ತಿಯಾಯಿತು. ಗಿರಣಿಯ ಹಳೆ ಮಗ್ಗಗಳೇ ಎಷ್ಟೋ ಅಲ್ಲಿಗೆ ಹೋದವು. ಮಗ್ಗ ಅದೇ, ಬದುಕು ಬೇರೆ. ಮುಂಬೈ ಗಿರಣಿಯಲ್ಲಿ 8 ಗಂಟೆಯ ಪಾಳಿ, ಪಿಎಫ್, ಯೂನಿಯನ್. ಭಿವಂಡಿಯಲ್ಲಿ 12 ಗಂಟೆಯ ಪಾಳಿ, ನೇಯ್ದ ಮೀಟರಿಗೆ ಇಷ್ಟು ಅಂತ ಕೂಲಿ.

ಮುಂಬೈಯ ಗಿರಣಿಗಳ ಪ್ರದೇಶವಾಗಿದ್ದ ಲಾಲ್‌ಬಾಗ್‌ನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ ನಮ್ಮ ಮಾವನಿಗೆ "ಯಂತ್ರ ಕೆಲಸ ತಿಂತು" ಅಂದರೆ ಸಿಟ್ಟು ಬರುತ್ತಿತ್ತು. "ಯಂತ್ರ ಎಲ್ಲಿ ತಿಂತು ಮಾರಾಯ? ಜಾಗದ ರೇಟು ತಿಂತು" ಅನ್ನುತ್ತಿದ್ದರು. ಅಲ್ಲೇ ಹತ್ತಿರ ಲೋವರ್ ಪರೇಲ್‌ನಲ್ಲಿ ಬಟ್ಟೆ ಗಿರಣಿಯಾಗಿದ್ದ ಫೀನಿಕ್ಸ್ ಮಿಲ್ ಜಾಗದಲ್ಲಿ ಈಗ ಮಾಲ್ ಇದೆ, ಹೋಗಿ ನೋಡಿ.

ಎಐ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಬುದ್ಧಿ ಇದೆಯಾ ಇಲ್ಲವಾ ಅನ್ನುವ ಚರ್ಚೆ ನನಗೆ ಅಷ್ಟು ಹಿಡಿಸುವುದಿಲ್ಲ. ಅದರಿಂದ ಉಳಿತಾಯವಾದ ಸಮಯ ಯಾರಿಗೆ ಸೇರುತ್ತದೆ ಅಂತ ನೋಡುತ್ತೇನೆ. ನಮ್ಮ ಆಫೀಸಿನಲ್ಲಿ ಬಿಲ್ ಎಂಟ್ರಿಯ ಕೆಲಸ ಈಗ ಬೇಗ ಮುಗಿಯುತ್ತದೆ. ಆದರೆ ಬೇಗ ಮನೆಗೆ ಬಿಡುವುದಿಲ್ಲ, ಪುಣೆ ಶಾಖೆಯ ಬಿಲ್ಲುಗಳೂ ನಮ್ಮ ಟೇಬಲ್ಲಿಗೇ ಬಂದಿವೆ.