ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಕ್ಕೆ ಚೀನಾದ ವಿದ್ವಾಂಸರು ಹೊಸದಾಗಿ ಏನು ಕೊಟ್ಟಿದ್ದಾರೆ?

ಮುಖ್ಯವಾಗಿ ಒಂದು ವಿಚಾರ: ದೇಶಗಳನ್ನು ಬಿಡಿಬಿಡಿಯಾಗಿ ನೋಡಬೇಡಿ, ಅವುಗಳ ನಡುವಿನ ನಂಟನ್ನು ಮೊದಲು ನೋಡಿ. ಇದನ್ನು ಜಾಸ್ತಿ ಬೆಳೆಸಿದವರು ವಿದ್ವಾಂಸ ಚಿನ್ ಯಾಚಿಂಗ್.

ಅಮೆರಿಕದಲ್ಲಿ ಬೆಳೆದ ಹೆಚ್ಚಿನ ಸಿದ್ಧಾಂತಗಳಲ್ಲಿ ಪ್ರತಿ ದೇಶವೂ ತನ್ನ ಲಾಭ ನಷ್ಟ ಲೆಕ್ಕ ಹಾಕಿಯೇ ಹೆಜ್ಜೆ ಇಡುತ್ತದೆ. ಚಿನ್ ಹೇಳುವುದು ಬೇರೆ. ಯಾವುದು ಲಾಭ ಅನ್ನುವುದೇ ಎದುರಿಗಿರುವವರು ಯಾರು ಅನ್ನುವುದರ ಮೇಲೆ ನಿಂತಿದೆ. ಮದುವೆ ಮನೆಯಲ್ಲಿ ಮುಯ್ಯಿ ಕೊಡುವಾಗ ನಾವು ಹಾಕುವ ಲೆಕ್ಕವೂ ಹಾಗೇ ಅಲ್ವಾ? ಉದಾಹರಣೆಗೆ, ಆಗ್ನೇಯ ಏಷ್ಯಾದ ದೇಶಗಳ ಆಸಿಯಾನ್ ಕೂಟ 1997ರಿಂದ ಚೀನಾ, ಜಪಾನ್, ದಕ್ಷಿಣ ಕೊರಿಯಾ ಜೊತೆ ಸಭೆ ನಡೆಸುತ್ತಿದೆ. ದೊಡ್ಡ ಒಪ್ಪಂದ ಆಗದಿದ್ದರೂ ಮತ್ತೆ ಸೇರುತ್ತಾರೆ. ಹೊರಗಿನವರಿಗೆ ಇದು ಸುಮ್ನೆ ಹರಟೆ ಅನಿಸಬಹುದು. ಚಿನ್ ಪ್ರಕಾರ ಮಾತುಕತೆ ಮುಂದುವರಿಸುವುದೇ ಒಂದು ಗುರಿ. ಅದರಿಂದಲೇ ದೇಶಗಳ ನಡವಳಿಕೆ ನಿಧಾನಕ್ಕೆ ಬದಲಾಗುತ್ತದೆ.

ಚಿಂಗ್ಹುವಾ ವಿಶ್ವವಿದ್ಯಾಲಯದ ಯಾನ್ ಶುಯೆತೊಂಗ್ ಸೇನೆ, ಹಣದ ಬಲವನ್ನು ಅಲ್ಲಗಳೆಯುವುದಿಲ್ಲ. ಆದರೆ ಕ್ರಿಸ್ತಪೂರ್ವ 3ನೇ ಶತಮಾನದ ಶುನ್‌ಜಿಯಂಥ ಚಿಂತಕರನ್ನು ಹಿಡಿದು, ಕೊಟ್ಟ ಮಾತು ಉಳಿಸಿಕೊಳ್ಳುವ ದೇಶದ ಹಿಂದೆ ಉಳಿದವರು ನಿಲ್ಲುತ್ತಾರೆ ಎನ್ನುತ್ತಾರೆ.

ತತ್ವಜ್ಞಾನಿ ಝಾವೊ ಟಿಂಗ್‌ಯಾಂಗ್ 2005ರಲ್ಲಿ 'ತಿಯಾನ್‌ಶಿಯಾ' ಎಂಬ ಹಳೆಯ ಕಲ್ಪನೆಯನ್ನು ಮತ್ತೆ ಚರ್ಚೆಗೆ ತಂದರು. ಅದರ ಪ್ರಕಾರ ಇಡೀ ಜಗತ್ತೇ ಒಂದು ಮನೆತನ, ಹೊರಗಿನವರು ಅಂತ ಯಾರೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಆ ಮನೆಯ ಯಜಮಾನ ಯಾರು? ಚೀನಾ ನಡುವೆ ಕೂತು ಉಳಿದವರು ಕಪ್ಪ ತಂದುಕೊಡುತ್ತಿದ್ದ ಹಳೇ ವ್ಯವಸ್ಥೆಗೇ ಇದು ಹೊಸ ಬಣ್ಣ ಎಂಬ ವಿಮರ್ಶಕರ ಅನುಮಾನ ನನಗೂ ಸರಿ ಎನಿಸುತ್ತದೆ.